ಒಂದು ಊಟದ ಮೇಜು

ಅಮ್ಮನ ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದರು. ದೊಡ್ಡದಾದ ಹೃದಯ ರಕ್ತವನ್ನು ಸರಿಯಾಗಿ ತಳ್ಳುವುದಿಲ್ಲ, ಕಾಲಿಗೆ ನೀರು ಇಳಿಯುತ್ತದೆ, ಮೆಟ್ಟಿಲು ಹತ್ತಿಸಬೇಡಿ, ಇನ್ನು ಮಾತ್ರೆಯ ಬಲದಿಂದ ಎಳೆದಷ್ಟು ದಿನ.

"ಕೇಳಿದ್ಯಾ?" ಎಂದಳು ಅಮ್ಮ, ವಾಪಸು ಬರುವಾಗ ಬಸ್ಸಿನಲ್ಲಿ. "ಇಷ್ಟು ದಿನ ಎಲ್ಲರೂ ನನ್ನ ಎದೆ ಕಲ್ಲು ಅಂತಿದ್ರು. ಈಗ ನೋಡಿದ್ರೆ ದೊಡ್ಡದಾಗಿದೆಯಂತೆ. ನಿಮ್ಮಣ್ಣನಿಗೊಂದು ಮಾತು ಹೇಳ್ಬಿಡು."

ಮಗಳು ನಗಲಿಲ್ಲ. ಅವಳು ಬಟ್ಟೆ ಹೊಲಿಯುವವಳು, ಬೀದಿಯವರಿಗೆ ಟೈಲರಕ್ಕ. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಿಷನ್ನು, ಕತ್ತರಿಸಿದ ಬಟ್ಟೆಯ ತುಂಡು, ಗಿರಾಕಿಗಳು ಕೂರುವ ಸ್ಟೂಲು. ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ನಡುವೆ ಒಂದು ಬಾಗಿಲು, ನೆಲಕ್ಕೆ ಕಚ್ಚಿಕೊಂಡು ಸರಿಯುವಂಥದ್ದು.

ಅಪ್ಪ ಹೋದ ಮೇಲೆ ಮನೆ ಮಾರಿ ಪಾಲಾದಾಗ ಅಣ್ಣನಿಗೊಂದು ಪಾಲು, ತಮ್ಮನಿಗೊಂದು ಪಾಲು ಬಂತು. ಅವಳ ಪಾಲಿಗೆ ಅಮ್ಮ ಬಂದಳು. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾಮಾನು ತುಂಬಿದ ಗಾಡಿಗಳು ಹೋದವು, ಅಂಗಳದಲ್ಲಿ ಅವಳೂ ಅಮ್ಮನೂ ಉಳಿದರು, ಅಷ್ಟೆ.

ಪಾಲು ಮಾಡುವಾಗ ಮನೆಯ ಸಾಮಾನುಗಳೆಲ್ಲ ಜೊತೆ ಜೊತೆಯಾಗಿದ್ದವು: ಎರಡು ಬೀರು, ಎರಡು ಮಂಚ, ಎರಡು ಗಡಿಯಾರ. ಒಂಟಿಯಾಗಿದ್ದದ್ದು ಊಟದ ಮೇಜು ಮಾತ್ರ. ಯಾವುದೋ ಕಚೇರಿ ಮುಚ್ಚಿದಾಗ ಅಪ್ಪ ಹರಾಜಿನಲ್ಲಿ ಹಿಡಿದು ತಂದದ್ದು, ಗಟ್ಟಿ ಮರ, ಎಂಟು ಜನ ಕೂರುವಷ್ಟು ಉದ್ದ. ಅಣ್ಣ ತನಗೆ ಬೇಕೆಂದ. ತಮ್ಮ ತನಗೆ ಬೇಕೆಂದ. ಎತ್ತು ಏರಿಗೆ, ಕೋಣ ನೀರಿಗೆ. ಕೇಳಿ ಕೇಳಿ ಅಮ್ಮನ ತಲೆ ಕೆಟ್ಟು, "ಹಾಗಾದ್ರೆ ಕೊಯ್ದುಕೊಳ್ಳಿ ಅತ್ಲಾಗೆ!" ಎಂದು ಕೂಗಿದಳು. ಇಬ್ಬರಿಗೂ ನಾಚಿಕೆಯಾದೀತು ಎಂದುಕೊಂಡಿದ್ದಳು. ಮಾತು ಆಡಿದರೆ ಹೋಯಿತು. ಮಾರನೆಯ ದಿನ ಅವರು ಎರಡು ಹಿಡಿಯ ಗರಗಸವೊಂದನ್ನು ಎಲ್ಲಿಂದಲೋ ಎರವಲು ತಂದರು. ಒಂದು ತುದಿ ಅಣ್ಣ, ಒಂದು ತುದಿ ತಮ್ಮ. "ಎಳಿ." "ಬಿಡು." "ಎಳಿ." "ಬಿಡು." ಆ ದಿನ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಮೇಜು ನಡುವೆ ಎರಡಾಯಿತು. ಮಗಳು ಮರದ ಹೊಟ್ಟು ಗುಡಿಸಿದಳು.

ಅದಾದ ಮೇಲೆ ಅವರಿಬ್ಬರೂ ಮಾತಾಡಿದ್ದಿಲ್ಲ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರೆ. ಇವರು ಅಷ್ಟೂ ಆಗಲಿಲ್ಲ. ದಾಯಾದಿಗಳಾದರೆ ಜಗಳಕ್ಕಾದರೂ ಎದುರುಬದುರಾಗುತ್ತಾರೆ. ಅಮ್ಮನನ್ನು ನೋಡಲು ಆಸ್ಪತ್ರೆಗೆ ಬಂದಾಗಲೂ ಒಬ್ಬ ಬೆಳಿಗ್ಗೆ, ಒಬ್ಬ ಸಂಜೆ. ಹೊತ್ತು ಒಂದೇ ಆಗಿಬಿಟ್ಟರೆ ಒಬ್ಬ ಲಿಫ್ಟು, ಒಬ್ಬ ಮೆಟ್ಟಿಲು.

"ನನಗೆ ಬೇರೇನೂ ಬೇಡ," ಎಂದಳು ಅಮ್ಮ, ಆಸ್ಪತ್ರೆಯಿಂದ ಬಂದ ವಾರದಲ್ಲಿ. "ಇಬ್ಬರೂ ಒಂದು ಸಲ ಒಟ್ಟಿಗೆ ಕೂತು ಉಣ್ಣೋದನ್ನ ನೋಡ್ಬೇಕು. ಒಂದೇ ಸಲ. ಆಮೇಲೆ ಕಣ್ಣು ಮುಚ್ಕೊಂಡ್ರೂ ಚಿಂತೆ ಇಲ್ಲ."

ಅವಳು ಅಣ್ಣನಿಗೆ ಫೋನು ಮಾಡಿದಳು. ಅವನು ನೀರಿನ ಕಚೇರಿಯಲ್ಲಿ ಮೀಟರು ಓದುವವನು. ಮಾತೂ ಹಾಗೇ, ಓದಿ ಬರೆದುಕೊಂಡು ಮುಂದಿನ ಮನೆಗೆ ಹೋಗುವ ಅವಸರ.

"ಊಟಕ್ಕೆ ಬರ್ಬೇಕು ಅಂತೀಯ. ಎಲ್ಲಿ ಕೂರಿಸ್ತೀಯ? ನಿನ್ನ ಬಟ್ಟೆ ಗಂಟಿನ ಮೇಲಾ?"

"ನೀನು ಬಾ ಅಣ್ಣ, ಕೂರೋದು ನೋಡ್ಕೊಳ್ಳೋಣ."

"ನೋಡಮ್ಮ, ಒಂದು ಮೇಜು ಅಂತ ಇದ್ದು, ಮನುಷ್ಯರ ಥರ ಕೂತು ಉಣ್ಣೋ ಹಾಗಿದ್ರೆ ಬರ್ತೀನಿ. ಅವನ ಪಕ್ಕ ನೆಲದ ಮೇಲೆ ಕೂತು ಮಂಡಿ ನೋಯಿಸ್ಕೊಳ್ಳೋಕೆ ನನ್ನಿಂದಾಗಲ್ಲ."

ಅದು ತಪ್ಪಿಸಿಕೊಳ್ಳುವ ಮಾತು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಅವಳು ಅದನ್ನು ಕೊಟ್ಟ ಮಾತೆಂದೇ ಹಿಡಿದಳು. ಮೇಜು ಇದ್ದರೆ ಬರುತ್ತಾನೆ. ತಮ್ಮನಿಗೂ ಫೋನು ಮಾಡಿ, "ಅಣ್ಣ ಒಪ್ಪಿದ್ದಾನೆ," ಎಂದಳು. "ಅವನು ಒಪ್ಪಿದ್ರೆ ನಾನ್ಯಾಕೆ ಕೆಟ್ಟವನಾಗ್ಲಿ," ಎಂದ ತಮ್ಮ.

ಹೊಸ ಮೇಜು ಕೊಳ್ಳುವ ಮಾತೇ ಇರಲಿಲ್ಲ. ಮಾತ್ರೆಗಳೇ ಅವಳ ಹೊಲಿಗೆಯನ್ನೆಲ್ಲ ನುಂಗುತ್ತಿದ್ದವು. ಅವಳು ಅಣ್ಣನ ಮನೆಗೆ ಹೋದಳು. ಅವನ ಅರ್ಧ ಬಾಲ್ಕನಿಯಲ್ಲಿತ್ತು. ಕೊಯ್ದ ಕಡೆಗೆ ಕಬ್ಬಿಣದ ಕೊಳವೆಯ ಎರಡು ಕಾಲು, ಮೇಲೆ ಹೂಕುಂಡ, ಕುಂಡದಡಿಯಲ್ಲೆಲ್ಲ ಬಳೆಯಾಕಾರದ ಬಿಳಿ ನೀರಿನ ಕಲೆಗಳು. ಬಿಸಿಲಿಗೆ ಹಲಗೆ ಡೊಂಕಾಗಿತ್ತು, ಅಂಚಿನಲ್ಲಿ ಹುಳ ಹಿಡಿದಿತ್ತು. "ತಗೊಂಡು ಹೋಗು ಮಾರಾಯ್ತಿ," ಎಂದಳು ಅತ್ತಿಗೆ, "ಕಸದವನು ಕೂಡ ಮುಟ್ಟಲ್ಲ ಅಂದ." ತಮ್ಮನ ಅರ್ಧ ಅಡುಗೆಮನೆಯಲ್ಲಿ ಇಟ್ಟಿಗೆಯ ಮೇಲೆ ನಿಂತಿತ್ತು. ಅದರ ಮೇಲೆ ಒಲೆ. ಎಣ್ಣೆಯ ಜಿಡ್ಡು ಕಪ್ಪು ಚರ್ಮದ ಹಾಗೆ ಕೂತಿತ್ತು, ಪಾತ್ರೆಯ ತಳದ ಸುಟ್ಟ ಗುರುತುಗಳು ಒಂದರ ಮೇಲೊಂದು. ಅವರು ಕಲ್ಲಿನ ಕಟ್ಟೆ ಹಾಕಿಸುವವರಿದ್ದರು. ಹಾಗಾಗಿ ಆ ಅರ್ಧವನ್ನೂ ಬಿಟ್ಟುಕೊಟ್ಟರು.

ಎರಡನ್ನೂ ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಅವಳು ಬೀದಿಯ ಕೊನೆಯ ಅಂಗಡಿಗೆ ತಂದಳು. ಅದು ಶವಪೆಟ್ಟಿಗೆಯ ಅಂಗಡಿ. ಅಲ್ಲಿಯ ಮುದುಕನನ್ನು ಎಲ್ಲರೂ ಪೆಟ್ಟಿಗೆ ಅಜ್ಜ ಎನ್ನುತ್ತಿದ್ದರು. ಅವನ ಪೆಟ್ಟಿಗೆಗಳ ಒಳಗಿನ ಬಟ್ಟೆ, ಸಣ್ಣ ದಿಂಬು, ಅಂಚಿನ ನೆರಿಗೆ ಇವನ್ನೆಲ್ಲ ಅವಳೇ ಹೊಲಿದುಕೊಡುತ್ತಿದ್ದಳು. ಬೇರೆ ಬಡಗಿಗಳು ಕೂಲಿ ಕೇಳಿದ್ದರು. ಅಜ್ಜ ಹೊಲಿಗೆ ಕೇಳಿದ. ಮುಂದಿನ ಪೆಟ್ಟಿಗೆಗಳ ಬಟ್ಟೆಯನ್ನು ಅವಳು ಸುಮ್ಮನೆ ಹೊಲಿದುಕೊಡಬೇಕು. ಜಾಗ, ಹತಾರ, ಉಳಿದ ಪಾಲಿಶು ಅವನದು. ಕೈ ಅವಳದು.

ಅಜ್ಜ ಎರಡೂ ತುಂಡನ್ನು ಕಾಲಿನಿಂದ ಒದ್ದು ನೋಡಿದ.

"ಇವನ್ನ ಸೇರಿಸ್ಬೇಕಾ? ಇದಕ್ಕಿಂತ ನಿಮ್ಮಣ್ಣತಮ್ಮನ್ನ ಸೇರಿಸೋದು ಸುಲಭ."

"ಅದಕ್ಕೇ ಇದು, ಅಜ್ಜ."

"ಎಷ್ಟು ದಿನ ನಿಲ್ಲಬೇಕು?"

ಅವಳು ಯೋಚಿಸಿದಳು. "ಒಂದು ಊಟ ನಿಂತರೆ ಸಾಕು."

"ಹಾಗಾದ್ರೆ ಸರಿಯಾದ ಕಡೆ ಬಂದಿದೀಯ, ತಾಯಿ. ನನ್ನ ಕೆಲಸ ಎಲ್ಲ ಒಂದು ದಿನದ್ದು. ಮೇಲೆ ಚಂದ ಕಾಣ್ಬೇಕು, ಹೊರುವಾಗ ತಳ ಕಳಚಬಾರದು. ಇಲ್ಲಿವರೆಗೆ ಒಬ್ಬ ಗಿರಾಕಿನೂ ಎದ್ದು ಬಂದು ಸರಿ ಇಲ್ಲ ಅಂದಿಲ್ಲ."

ಅಮ್ಮನಿಗೆ ಅವಳು ಬಡಗಿಯ ಹತ್ತಿರ ಕೊಟ್ಟಿದ್ದೇನೆ ಎಂದಳು. ಯಾವ ಬಡಗಿ ಎಂದು ಅಮ್ಮ ಕೇಳಲಿಲ್ಲ.

ಮಧ್ಯಾಹ್ನ ಅಮ್ಮ ಮಲಗಿದಾಗ ಅವಳು ಅಂಗಡಿಗೆ ಹೋಗುತ್ತಿದ್ದಳು. ಮೊದಲು ಜಿಡ್ಡು. ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದಷ್ಟೂ ಕಂದು ನೀರು ಇಳಿಯಿತು. ತಮ್ಮನ ಮನೆಯ ಒಗ್ಗರಣೆಗಳೆಲ್ಲ ಬಕೆಟ್ಟಿಗೆ ಬಂದ ಹಾಗೆ ವಾಸನೆ. ಆಮೇಲೆ ಸ್ಯಾಂಡ್‌ಪೇಪರು, ಮೊದಲು ಒರಟು, ನಂತರ ನಯ. ಹೊಸದಕ್ಕೆ ಕಾಸು ಹಾಕುವ ಬದಲು ಅಜ್ಜ ಬಳಸಿ ಎಸೆದ ತುಂಡುಗಳನ್ನೇ ಮರದ ಚೂರಿಗೆ ಸುತ್ತಿಕೊಂಡಳು. ಅಣ್ಣನ ಅರ್ಧದ ಡೊಂಕನ್ನು ತೆಗೆಯಲು ಒಳಮೈಗೆ ಒದ್ದೆ ಬಟ್ಟೆ ಹೊದಿಸಿ, ಮೇಲೆ ಪೆಟ್ಟಿಗೆಯ ಹಲಗೆಗಳನ್ನು ಹೇರಿ ಬಿಟ್ಟರು. ಅರ್ಧ ಡೊಂಕು ಹೋಯಿತು, ಅರ್ಧ ಹಾಗೇ ಉಳಿಯಿತು. "ಮನುಷ್ಯ ಇಷ್ಟು ನೆಟ್ಟಗಾದ್ರೂ ನಾವು ಒಪ್ಕೋತೀವಿ," ಎಂದ ಅಜ್ಜ.

ಕೊಯ್ದ ಅಂಚುಗಳು ಒಂದಕ್ಕೊಂದು ಕೂರಲಿಲ್ಲ. ತಮ್ಮನ ಅಂಚು ಎಣ್ಣೆ ಕುಡಿದು ಗಟ್ಟಿಯಾಗಿತ್ತು; ಮರ ಹೆರೆಯುವ ಕೀಸುಳಿಯಿಂದ ಒಂದು ಸುರುಳಿ ತೆಗೆದರೆ ಸಾಕಾಯಿತು. ಅಣ್ಣನ ಅಂಚು ಹುಳ ತಿಂದು ಬಿಸ್ಕತ್ತಿನ ಹಾಗಿತ್ತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

"ಇದನ್ನ ತೆಗೀಬೇಕು," ಎಂದ ಅಜ್ಜ, ಹಲಗೆಯ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿ.

"ಅಷ್ಟೊಂದಾ?"

"ಹುಳಕ್ಕೆ ಹೇಳು, ನನಗೇನು ಹೇಳ್ತೀಯ."

ತೆಗೆದರು. ಅಷ್ಟೇ ಅಳತೆಯನ್ನು ತಮ್ಮನ ಕಡೆಯಿಂದಲೂ ತೆಗೆಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಒಳ್ಳೆಯ ಮರವನ್ನು ಯಾರಾದರೂ ಸುಮ್ಮನೆ ಕೊಯ್ಯುತ್ತಾರೆಯೇ?

ಅಂಚಿಗೆ ಗೋಂದು ಹಚ್ಚಿದರು. ಎರಡನ್ನೂ ಒತ್ತಿ ಹಿಡಿಯಲು ಅಷ್ಟು ಉದ್ದದ ಹಿಡಿತದ ಸಲಕರಣೆ ಅಜ್ಜನಲ್ಲಿರಲಿಲ್ಲ. ಅವಳು ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ಹೊಲಿದು, ಮೇಜಿನ ಸುತ್ತ ಬಿಗಿದು, ನಡುವೆ ಕೋಲು ತೂರಿಸಿ ತಿರುಚಿದಳು. ಒದ್ದೆ ಬಟ್ಟೆ ಹಿಂಡಿದ ಹಾಗೆ. ಸೀಳಿನಿಂದ ಗೋಂದು ಸಣ್ಣ ಹನಿಗಳಾಗಿ ಉಕ್ಕಿತು. ಅಡಿಯಿಂದ ಉದ್ದಕ್ಕೆ ಮೂರು ಮರದ ಪಟ್ಟಿ, ಸ್ಕ್ರೂ. ಉಳಿದ ಸೀಳಿಗೆ ಗೋಂದಿನಲ್ಲಿ ಕಲಸಿದ ಮರದ ಹೊಟ್ಟು. ನೀರಿಗೆ ಕೊಳೆತ ತಮ್ಮನ ಕಡೆಯ ಕಾಲುಗಳ ಕೆಳಗೆ ಮರದ ತುಂಡು.

ಆದರೂ ಎರಡು ಬಣ್ಣ ಎರಡೇ ಆಗಿದ್ದವು. ಒಂದು ಬಿಸಿಲಿಗೆ ಬಿಳಿಚಿದ್ದು, ಇನ್ನೊಂದು ಹೊಗೆಗೆ ಕಪ್ಪಾದದ್ದು. ಕುದಿಸಿದ ಚಹಾದ ನೀರನ್ನು ಬಿಳಿಯ ಕಡೆಗೆ ಮತ್ತೆ ಮತ್ತೆ ಸವರಿದಳು. ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ನೆನೆಹಾಕಿ ಅದನ್ನೂ ಸವರಿದಳು. ಹತ್ತಿರ ಬಂತು, ಒಂದಾಗಲಿಲ್ಲ. ಕಡೆಗೆ ಅಜ್ಜ ತನ್ನ ಡಬ್ಬಿ ತೆಗೆದ. ಪೆಟ್ಟಿಗೆಗೆ ಬಳಿಯುವ ಕಡುಗಂದು ಪಾಲಿಶು.

"ಇದು ಎಲ್ಲವನ್ನೂ ಮುಚ್ಚುತ್ತೆ," ಎಂದ. "ಅದಕ್ಕೇ ಮಾಡಿದ್ದು."

ಅವಳು ಹಿಂದೆಮುಂದೆ ನೋಡಿದಳು. ಬೇರೆ ಬಣ್ಣ ಕೊಳ್ಳಬೇಕಿತ್ತು. ಇದು ಸುಮ್ಮನೆ ಸಿಗುತ್ತಿತ್ತು. ಹಳೆಯ ಬನಿಯನ್ನಿನ ಉಂಡೆ ಅದ್ದಿ, ಗುಂಡಗೆ ಗುಂಡಗೆ ಬಳಿದಳು. ಒಣಗಿದ ಮೇಲೆ ನೋಡಿದರೆ ಸೀಳು ಎಲ್ಲಿತ್ತೆಂದು ಅವಳಿಗೇ ಕಾಣಲಿಲ್ಲ. ಮೇಜು ಕನ್ನಡಿಯ ಹಾಗೆ ಹೊಳೆಯಿತು. ಅಂಗಡಿಯ ಗೋಡೆಗೆ ಒರಗಿಸಿದ ಪೆಟ್ಟಿಗೆಗಳ ಸಾಲಿನಲ್ಲಿ ಅದೂ ಅವುಗಳ ನೆಂಟನ ಹಾಗೆ ನಿಂತಿತು.

"ಚೆನ್ನಾಗಿದೆ," ಎಂದಳು.

"ಚೆನ್ನಾಗಿರುತ್ತೆ," ಎಂದ ಅಜ್ಜ.

ಭಾನುವಾರ ಮಿಷನ್ನನ್ನು ಮೂಲೆಗೆ ತಳ್ಳಿ, ಮುಂದಿನ ಕೋಣೆಯ ತುಂಬ ಮೇಜು ಹಾಕಿದಳು. ಕಷ್ಟಪಟ್ಟು ಉಜ್ಜಿದ್ದನ್ನು ಬಟ್ಟೆಯಡಿ ಮುಚ್ಚಿಡಲು ಮನಸ್ಸು ಬರಲಿಲ್ಲ. ಪಕ್ಕದ ಮನೆಯಿಂದ ಎರಡು ಕುರ್ಚಿ ತಂದಳು. ಅಮ್ಮನ ತಲೆ ಬಾಚಿ, ಬೆನ್ನಿಗೆ ಬಟ್ಟೆಯ ಗಂಟುಗಳನ್ನು ಕೊಟ್ಟು ಕೂರಿಸಿ, ಮಂಚವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿದಳು.

"ಕನ್ನಡಕ ಒರೆಸಿಕೊಡು," ಎಂದಳು ಅಮ್ಮ. ಹಾಕಿಕೊಂಡು ಬಾಗಿಲಾಚೆ ನೋಡಿದಳು. "ಅದೇನದು ಅಷ್ಟು ಕಪ್ಪಗೆ?"

"ನಮ್ಮ ಮೇಜೇ, ಅಮ್ಮ. ಪಾಲಿಶು."

"ಓ," ಎಂದಳು ಅಮ್ಮ. "ಬಾಗಿಲು ಪೂರ್ತಿ ತೆಗೆದಿಡು. ಒಂದಗಳೂ ತಪ್ಪಬಾರದು ನನಗೆ."

ಅಣ್ಣ ಮೊದಲು ಬಂದ. ಅಮ್ಮನ ಬಾಗಿಲಲ್ಲಿ ನಿಂತು, "ಹೇಗಿದೀಯಮ್ಮ?" ಎಂದ. ಉತ್ತರ ಬರುವ ಮೊದಲೇ ತಲೆಯಾಡಿಸಿ ಮುಂದಿನ ಕೋಣೆಗೆ ಹೋದ. ತಮ್ಮ ತಡವಾಗಿ ಬಂದ. ಅವನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವನು. ಬಂದವನೇ ಅಣ್ಣನ ಮುಖವನ್ನಲ್ಲ, ಪಾದಗಳನ್ನು ನೋಡಿದ. ಯಾರೂ ಹೇಳದೆಯೇ ಇಬ್ಬರೂ ತಂತಮ್ಮ ಅರ್ಧದ ಕಡೆಗೆ ಕೂತರು. ಅದು ಅವರಿಗೆ ಹೇಗೆ ಗೊತ್ತಾಯಿತೋ.

ಅವಳು ಬಡಿಸಿದಳು. ಅನ್ನ, ಬೇಳೆ, ಮೊಟ್ಟೆ ಹಾಕಿ ಬೇಯಿಸಿದ ಆಲೂಗಡ್ಡೆ.

"ಅವನಿಗೆ ಉಪ್ಪು ಬೇಕಾ ಕೇಳು," ಎಂದ ಅಣ್ಣ ಅವಳಿಗೆ.

"ಬೇಡ ಅಂತ ಹೇಳಕ್ಕ," ಎಂದ ತಮ್ಮ.

"ಚಿಕ್ಕಂದಿನಲ್ಲಿ ಡಬ್ಬಿನೇ ಬಗ್ಗಿಸಿ ಹಾಕ್ಕೋತಿದ್ದ."

"ಈಗ ಬಿಪಿ ಇದೆ ಅಂತ ಹೇಳಕ್ಕ."

"ಅವನಿಗೂ ಬಂತಾ? ನನಗೂ ಇದೆ ಅಂತ ಹೇಳು."

ಅವಳು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಒಳಕೋಣೆಯಲ್ಲಿ ಅಮ್ಮನ ಕನ್ನಡಕ ಅಲುಗಾಡದೆ ಇತ್ತು.

ತಮ್ಮ ಮೇಜಿನ ಮೇಲೆ ಅಂಗೈ ಸವರಿದ. "ಅಕ್ಕ, ನಿಜವಾಗ್ಲೂ ಇದು ನಮ್ಮದೇನಾ? ಪೆಟ್ಟಿಗೆ ಥರ ಹೊಳೀತಿದೆ."

"ಗಟ್ಟಿ ಮರ," ಎಂದ ಅಣ್ಣ. ಈ ಸಲ ನೇರ ತಮ್ಮನಿಗೆ. "ಈಗ ಇಂಥದ್ದು ಸಿಗಲ್ಲ."

"ಸಿಗಲ್ಲ," ಎಂದ ತಮ್ಮ, ನೇರ ಅಣ್ಣನಿಗೆ.

ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಗಿಹೋಯಿತು ಎಂದುಕೊಂಡಳು. ಇಷ್ಟೇ ತಾನೇ ಬೇಕಿದ್ದದ್ದು.

ಅಣ್ಣ ತಟ್ಟೆ ಸರಿಸಿ, ಎಡಗೈಯಿಂದ ಗೇಣು ಹಾಕತೊಡಗಿದ. ಅಭ್ಯಾಸಬಲ. ತನ್ನ ತುದಿಯಿಂದ ಸೀಳಿನವರೆಗೆ, ಆ ತುದಿಯಿಂದ ಸೀಳಿನವರೆಗೆ. ಮೇಲೆ ಕಾಣದ ಸೀಳನ್ನು ಬಗ್ಗಿ ಅಡಿಯಲ್ಲಿ ಮುಟ್ಟಿ ನೋಡಿಕೊಂಡಿದ್ದ.

"ನನ್ನ ಕಡೆ ನಾಲ್ಕು ಬೆರಳು ಕಮ್ಮಿ ಇದೆ."

"ಹುಳ ತಿಂದಿತ್ತಣ್ಣ," ಎಂದಳು ಅವಳು.

"ಹುಳ ನನ್ನ ಕಡೆ ಮಾತ್ರ ತಿಂತಾ?"

"ನಿನ್ನ ಬಾಲ್ಕನಿ ಹುಳ. ನಿನ್ನದನ್ನ ಬಿಟ್ಟು ಬೇರೆಯವರದ್ದು ಹೇಗೆ ತಿನ್ನುತ್ತೆ?" ಎಂದ ತಮ್ಮ.

ಅವಳು ನಡುವೆ ಬರಲು ಹೆಜ್ಜೆ ಇಟ್ಟಳು. ಆದರೆ ಅಣ್ಣ ನಕ್ಕುಬಿಟ್ಟ. ತಮ್ಮನೂ ನಕ್ಕ. ಇಬ್ಬರ ನಗುವೂ ಅಪ್ಪನದು, ಮೂಗಿನಿಂದ ಬರುವಂಥದ್ದು. ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

"ಹೋಗ್ಲಿ ಬಿಡು," ಎಂದ ಅಣ್ಣ, ಮತ್ತೆ ತಟ್ಟೆ ಎಳೆದುಕೊಂಡು. "ಮುಂದೆ ಇದು ಯಾರ ಮನೆಗೆ ಹೋಗುತ್ತೆ?"

"ಮುಂದೆ ಅಂದ್ರೆ?" ಎಂದ ತಮ್ಮ.

"ಮುಂದೆ ಅಂದ್ರೆ ಮುಂದೆ. ಅಮ್ಮನ ಕಾಲ ಆದಮೇಲೆ. ಇವಳು ಈ ಗೂಡಿನಲ್ಲಿ ಇಷ್ಟು ದೊಡ್ಡ ಮೇಜು ಇಟ್ಕೊಂಡು ಏನು ಮಾಡ್ತಾಳೆ? ಮಿಷನ್ನಿಗೇ ಜಾಗ ಇಲ್ಲ."

"ಅಣ್ಣ, ಮೆಲ್ಲಗೆ," ಎಂದಳು ಅವಳು.

"ನಾನೇನು ಕೆಟ್ಟದ್ದು ಅಂದೆ? ಎಲ್ಲರ ಎದುರಿಗೇ ಮಾತಾಡಿಕೊಂಡ್ರೆ ಆಮೇಲೆ ತಂಟೆ ಇರಲ್ಲ. ಹಿಂದೆ ಹಾಗೆ ಮಾಡದೇ ಇದ್ದದ್ದಕ್ಕೇ ತಾನೇ ಇಷ್ಟೆಲ್ಲ ಆದದ್ದು?"

ತಮ್ಮ ಆಲೂಗಡ್ಡೆಯನ್ನು ಅರ್ಧ ಮಾಡಿ ಬಾಯಿಗಿಟ್ಟುಕೊಂಡ. ಅಗಿದು ನುಂಗುವವರೆಗೂ ಯೋಚಿಸಿದ.

"ಮತ್ತೆ ಕೊಯ್ಯೋದು ಬೇಡ," ಎಂದ.

"ಛೆ, ಕೊಯ್ಯೋದು ಯಾಕೆ? ಇಷ್ಟು ಚೆನ್ನಾಗಿ ಆಗಿರೋದನ್ನ."

"ಆರು ತಿಂಗಳು ನಿನ್ನ ಮನೇಲಿ, ಆರು ತಿಂಗಳು ನನ್ನ ಮನೇಲಿ."

"ಸಾಗಿಸೋದು?"

"ಕಾಲು ಬಿಚ್ಚಿದ್ರೆ ಸಣ್ಣ ಗಾಡಿ ಸಾಕು. ನಾನೂ ಕೈ ಹಾಕ್ತೀನಿ. ಏನು ಭಾರ ಮಹಾ."

"ಮೊದಲು ನೀನೇ ಇಟ್ಕೋ. ನನ್ನ ಮನೇಲಿ ಸುಣ್ಣ ಹೊಡಿಸೋದಿದೆ."

"ಇಲ್ಲ ಇಲ್ಲ, ದೊಡ್ಡವನು ನೀನು. ಮೊದಲು ನಿನ್ನಲ್ಲಿ."

ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಆರು ತಿಂಗಳು ನಿನ್ನಲ್ಲಿ, ಆರು ತಿಂಗಳು ನನ್ನಲ್ಲಿ ಎಂಬ ಮಾತು ಅಮ್ಮನ ವಿಷಯದಲ್ಲಿ ಅವರಿಬ್ಬರ ಬಾಯಲ್ಲೂ ಯಾವತ್ತೂ ಬಂದಿರಲಿಲ್ಲ. ಬಂದಿದ್ದರೆ ಗಾಡಿಯೂ ಬೇಕಿರಲಿಲ್ಲ; ಅಮ್ಮ ಆಗ ನಡೆಯುತ್ತಿದ್ದಳು.

ಅವಳು ತಿರುಗಿ ನೋಡಿದಳು. ಅಮ್ಮ ಕೈಸನ್ನೆ ಮಾಡುತ್ತಿದ್ದಳು. ಅವಳು ಒಳಗೆ ಹೋಗಿ ಮಂಚದ ಹತ್ತಿರ ಬಗ್ಗಿದಳು.

"ಉಂಡರಾ?" ಎಂದಳು ಅಮ್ಮ.

"ಉಣ್ತಿದ್ದಾರೆ."

"ಮಾತಾಡ್ತಿದ್ದಾರೆ."

"ಹೂಂ."

"ಮೊಟ್ಟೆ ಸಾಕಾಯ್ತಾ? ಚಿಕ್ಕವನಿಗೆ ಎರಡು ಬೇಕು."

"ಹಾಕಿದೀನಮ್ಮ."

ಹೊರಗಿಂದ ಮತ್ತೆ ಆ ಮೂಗಿನ ನಗು ಬಂತು. ಸಾಗಿಸುವಾಗ ಮೇಜಿನ ಮೇಲೆ ಗೀರು ಬೀಳದ ಹಾಗೆ ಹಳೆಯ ಕಂಬಳಿ ಹೊದಿಸಬೇಕು ಎನ್ನುತ್ತಿದ್ದ ಅಣ್ಣ.

"ಬಾಗಿಲು ಹಾಕು," ಎಂದಳು ಅಮ್ಮ.

"ಗಾಳಿ ಬರ್ತಿದೆಯಾ?"

"ಇಲ್ಲ. ನೋಡಿ ಆಯ್ತು."

ಅಮ್ಮ ಕನ್ನಡಕ ತೆಗೆದು ಕೊಟ್ಟಳು. ಊದಿದ ಕಾಲುಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಕಡೆಗೆ ಹೊರಳಿದಳು. ಬೆನ್ನಿಗೆ ಕೊಟ್ಟಿದ್ದ ಗಂಟೊಂದು ಜಾರಿ ನೆಲಕ್ಕೆ ಬಿತ್ತು.

ಅವಳು ಬಾಗಿಲನ್ನು ತಳ್ಳಿದಳು. ಅದು ನೆಲವನ್ನು ಕಚ್ಚಿಕೊಂಡು ಕರಕರ ಸದ್ದು ಮಾಡುತ್ತ ಸರಿಯಿತು. ಹೊರಗೆ ಆ ಸದ್ದಿಗೆ ಯಾರ ಮಾತೂ ನಿಲ್ಲಲಿಲ್ಲ.

"ಇನ್ನೊಂಚೂರು ಅನ್ನ ಇದ್ರೆ ತಗೊಂಡ್ಬಾಮ್ಮ," ಎಂದು ಕರೆದ ಅಣ್ಣ. ಸ್ವಲ್ಪ ತಡೆದು ತಮ್ಮನೂ ಕರೆದ, "ಅಕ್ಕಾ, ನನಗೂ."

ಅವಳು ಒಳಗಿನಿಂದ ಚಿಲಕ ಹಾಕಿದಳು.